ನಾಯಕಿಗೆ ಸಾವಿಲ್ಲ, ಓದುಗನಿಗೆ ಮುಕ್ತಿಯಿಲ್ಲ

ಈ ವಾರದ ಅತಿಥಿ ಒಂದು ಕಾದಂಬರಿ. ಹೆಸರು ‘ಆಯೇಷಾ: ದ ರಿಟರ್ನ್ ಆಫ್ ಷೀ’. ಜನ್ಮವರ್ಷ 1905, ಊರು ಇಂಗ್ಲೆಂಡ್, ತಂದೆ ರೈಡರ್ ಹ್ಯಾಗರ್ಡ್. ಅಕ್ಕ ‘ಷೀ’ (1887) ಲೋಕಪ್ರಸಿದ್ಧೆ. ಆಕೆಯ ಮಾತೆತ್ತಿದರೆ ಅತಿಥಿಗೆ ಸಿಡುಕು. ಹಾಗಂತ ರಕ್ಷಾಪುಟದ ಮೇಲಿನ ಅಕ್ಕನ ಹೆಸರನ್ನು ಅಳಿಸಿಕೊಂಡದ್ದೂ ಇಲ್ಲ.

ಪ್ರಶ್ನೆ: ನಮಸ್ಕಾರ. ನಿಮ್ಮ ನಾಯಕಿ ಆಯೇಷಾಗೆ ಸಾವೇ ಇಲ್ಲವಂತೆ?

ಪುಸ್ತಕ: ಅದೇ ಅವಳ ಹೆಚ್ಚುಗಾರಿಕೆ. ಆಫ್ರಿಕಾದಲ್ಲಿ, ಕೋರ್ ಅನ್ನೋ ಹಾಳೂರಲ್ಲಿ, ಎರಡು ಸಾವಿರ ವರ್ಷ ಒಬ್ಬಳೇ ಕಾದಳು. ಸತ್ತ ಪ್ರಿಯಕರ ಮತ್ತೆ ಹುಟ್ಟಿ ಬರಲಿ ಅಂತ.

ಪ್ರಶ್ನೆ: ಪಾಪ. ಅವನು ಸತ್ತದ್ದು ಹೇಗೆ?

ಪುಸ್ತಕ: ಅವಳೇ ಕೊಂದಿದ್ದಳು. ಹೊಟ್ಟೆಕಿಚ್ಚಿಗೆ.

ಪ್ರಶ್ನೆ: ಆದರೆ ನಿಮ್ಮ ಅಕ್ಕನ ಕೊನೆಯಲ್ಲಿ ಈಕೆಯೇ ಸತ್ತಳಲ್ಲ?

ಪುಸ್ತಕ: ಸತ್ತಳು, ನಾನೆಲ್ಲಿ ಇಲ್ಲ ಅಂದೆ? ಚಿರಯೌವನ ಕೊಟ್ಟ ಬೆಂಕಿಗೆ ಎರಡನೇ ಸಲ ಇಳಿದಳು. ಕೂದಲು ಉದುರಿತು, ಚರ್ಮ ಸುಕ್ಕಾಯಿತು, ಮೈ ಮುದುಡಿ ಮುದುಡಿ ಕೋತಿಯಷ್ಟಾಯಿತು. ಎರಡು ಸಾವಿರ ವರ್ಷದ ಮುಪ್ಪು ಒಂದೆರಡು ಪುಟದಲ್ಲಿ! ಅಕ್ಕನನ್ನು ಓದಿದವರು ಇವತ್ತಿಗೂ ಅದನ್ನೇ ಹೇಳ್ತಾರೆ. ನನ್ನನ್ನು ಓದಿದವರೂ ಅದನ್ನೇ ಹೇಳ್ತಾರೆ ಅನ್ನೋದು ನನ್ನ ಸಂಕಟ.

ಪ್ರಶ್ನೆ: ಅಷ್ಟು ಚೆನ್ನಾಗಿ ಸತ್ತವಳನ್ನು ಎಬ್ಬಿಸಿದ್ದು ಯಾಕೆ?

ಪುಸ್ತಕ: ಮೊದಲಿನಿಂದಲೂ ಯೋಚನೆಯಿತ್ತು ಅಂತಾರೆ ನಮ್ಮಪ್ಪ. ಅಕ್ಕನನ್ನು ಆರೇ ವಾರದಲ್ಲಿ ಬರೆದು ಬಿಸಾಕಿದ ಮನುಷ್ಯ. ನನ್ನ ಸರದಿಗೆ 18 ವರ್ಷ ಕಾಯಿಸಿದರು. ಅಷ್ಟು ಯೋಚನೆ ಮಾಡಿದ್ದರಿಂದಲೇ ಹೀಗಾಯಿತೋ ಏನೋ.

ಪ್ರಶ್ನೆ: ಆಫ್ರಿಕಾದಲ್ಲಿ ಸತ್ತವಳು ಎದ್ದದ್ದು ಎಲ್ಲಿ?

ಪುಸ್ತಕ: ಮಧ್ಯ ಏಷ್ಯಾದಲ್ಲಿ, ಜ್ವಾಲಾಮುಖಿಯ ಮೇಲೆ. ಅಲ್ಲಿನ ಮುದಿ ಪೂಜಾರಿಣಿಯ ಮೈಗೆ ಇವಳ ಆತ್ಮ ಸೇರಿಕೊಂಡಿತು.

ಪ್ರಶ್ನೆ: ಓ, ಪರಕಾಯ ಪ್ರವೇಶ! ನಮ್ಮ ಟೀವಿ ಧಾರಾವಾಹಿಯವರು ಇದಕ್ಕೆ ಪ್ಲಾಸ್ಟಿಕ್ ಸರ್ಜರಿ ಅಂತಾರೆ.

ಪುಸ್ತಕ: ಅವರು ಆಸ್ಪತ್ರೆಯನ್ನಾದರೂ ತೋರಿಸ್ತಾರಲ್ಲ.

ಪ್ರಶ್ನೆ: ಬೇಜಾರು ಮಾಡ್ಕೋಬೇಡಿ, ನಿಮ್ಮಲ್ಲೂ ಒಳ್ಳೆಯ ಜಾಗ ಇದೆ. ಮತ್ತೆ ಹುಟ್ಟಿ ಬಂದ ಆ ಪ್ರಿಯಕರ ಲಿಯೋ ಹಿಮದ ಕಡಿಬಂಡೆಯಲ್ಲಿ ಹಗ್ಗಕ್ಕೆ ನೇತಾಡ್ತಿರ್ತಾನೆ, ಮೇಲೆ ಹಿಡಿದುಕೊಂಡ ಜೊತೆಗಾರ ಹಾಲಿಯ ಕೈ ಸೋಲ್ತಾ ಬರುತ್ತೆ. ಅಲ್ಲಿ ನನಗೆ ಉಸಿರೇ ಕಟ್ಟಿತ್ತು.

ಪುಸ್ತಕ: ಕಟ್ಟದೆ ಏನು? ಅವರಿಬ್ಬರೂ ಬಿದ್ದರೆ ಸಾಯುವವರು. ನಮ್ಮಮ್ಮಣ್ಣಿ ಬಿದ್ದರೆ ಯಾರ ಉಸಿರು ಕಟ್ಟುತ್ತೆ ಹೇಳಿ?

ಪ್ರಶ್ನೆ: ಹಾಗಾದರೆ ಆಕೆ ಬಂದ ಮೇಲೆ ಪುಟಗಳಲ್ಲಿ ನಡೆಯೋದೇನು?

ಪುಸ್ತಕ: ಮಾತು. ಆತ್ಮದ ಬಗ್ಗೆ, ವಿಧಿಯ ಬಗ್ಗೆ, ತನ್ನ ಬಗ್ಗೆ. ನಡುನಡುವೆ ಕಬ್ಬಿಣವನ್ನು ಚಿನ್ನ ಮಾಡ್ತಾಳೆ, ಲೋಕವನ್ನೇ ಆಳ್ತೀನಿ ಅಂತಾಳೆ, ಬಿರುಗಾಳಿ ಸಿಡಿಲು ಕರೆಸಿ ಶತ್ರುಸೇನೆಯನ್ನು ಸುಟ್ಟುಹಾಕ್ತಾಳೆ. ಮದುವೆ ಮಾತ್ರ ಮುಂದಕ್ಕೆ ಹೋಗ್ತಾನೇ ಇರುತ್ತೆ.

ಪ್ರಶ್ನೆ: ಜಾತಕ ಕೂಡಲಿಲ್ಲವೇ?

ಪುಸ್ತಕ: ಆಯುಸ್ಸು ಕೂಡಲಿಲ್ಲ. ಲಿಯೋ ಬರೀ ಮನುಷ್ಯ. ಅದೇ ಬೆಂಕಿಯಲ್ಲಿ ಅವನೂ ಮಿಂದ ಮೇಲಷ್ಟೇ ಮದುವೆ. ಅವನಿಗೆ ತಾಳ್ಮೆಯಿಲ್ಲ. ಒಂದೇ ಒಂದು ಮುತ್ತು ಕೊಡು ಅಂತ ಹಟ ಹಿಡಿದ. ಕೊಟ್ಟಳು. ಸತ್ತ.

ಪ್ರಶ್ನೆ: ಅಷ್ಟೇನಾ?

ಪುಸ್ತಕ: ‘ವಿಂಡ್ಸರ್ ಮ್ಯಾಗಜೀನ್’ನಲ್ಲಿ ತಿಂಗಳು ತಿಂಗಳೂ ಕಂತು ಕಾದು ಓದಿದವರೂ ಹೀಗೇ ಕೇಳಿರಬೇಕು.

ಪ್ರಶ್ನೆ: ನಿಮ್ಮಲ್ಲಿಗಾದರೂ ಮುಗಿಯಿತಲ್ಲ ಬಿಡಿ.

ಪುಸ್ತಕ: ಎಲ್ಲಿ ಮುಗಿಯುತ್ತೆ? 1921ರಲ್ಲಿ ‘ಷೀ ಅಂಡ್ ಅಲನ್’, 1923ರಲ್ಲಿ ‘ವಿಸ್ಡಮ್ಸ್ ಡಾಟರ್’. ಎರಡೂ ಹಿಂದಿನ ಕಥೆಗಳು. ಮುಂದಕ್ಕೆ ದಾರಿ ಕಾಣದಿದ್ದರೆ ಗಾಡಿ ಹಿಂದಕ್ಕೆ ತಿರುಗಿಸೋದು ನಮ್ಮಪ್ಪನ ಪದ್ಧತಿ. ನಮ್ಮಪ್ಪನ ಇನ್ನೊಬ್ಬ ನಾಯಕ, ಆ ಅಲನ್ ಕ್ವಾಟರ್‌ಮೇನನೂ 1887ರಲ್ಲೇ ತನ್ನ ಹೆಸರಿನ ಕಾದಂಬರಿಯಲ್ಲಿ ತೀರಿಕೊಂಡವನು. ತೀರಿಕೊಂಡ ಮೇಲೆ ಅವನ ಬಗ್ಗೆ ಬಂದ ಪುಸ್ತಕಗಳೇ ಜಾಸ್ತಿ. ಅವನು ಯಾವ ಬೆಂಕಿಗೂ ಇಳಿದಿರಲಿಲ್ಲ, ಪಾಪ. ಪುಸ್ತಕ ಖರ್ಚಾಗ್ತಿತ್ತು, ಅಷ್ಟೇ.

ಪ್ರಶ್ನೆ: ಸಿನಿಮಾದವರು ನಿಮ್ಮನ್ನು ಕೇಳಿಕೊಂಡು ಬರಲಿಲ್ಲವೇ?

ಪುಸ್ತಕ: ಆ ಹೊಟ್ಟೆಯುರಿ ಯಾಕೆ ಕೆದಕ್ತೀರಿ? 1935ರಲ್ಲಿ ಹಾಲಿವುಡ್‌ನವರು ಅಕ್ಕನನ್ನೇ ಸಿನಿಮಾ ಮಾಡಿದರು. ಅವಳ ಕಥೆ ನಡೆಯೋದು ಸೆಕೆಯ ಆಫ್ರಿಕಾದಲ್ಲಿ. ಇವರು ಎತ್ತಿಕೊಂಡು ಹೋಗಿ ಆರ್ಕ್ಟಿಕ್ ಹಿಮದಲ್ಲಿ ಕೂರಿಸಿದರು. ಹಿಮ ಯಾರದು? ನಂದು. ಹೆಸರು ಯಾರದು? ಅವಳದು. ಇದನ್ನ ಬರ್ಕೊಂಡ್ರಿ ತಾನೇ?