ಸತ್ತವನ ಹೆಂಡತಿಗೆ ಏನು ಕೊಟ್ಟರು?

ಪಿಯುಸಿ ಇಂಗ್ಲಿಷ್ ಪುಸ್ತಕದ ಕತೆಗಳು ನಿಮಗೂ ಗೊತ್ತಿದ್ದದ್ದೇ ಬಿಡ್ರಿ ಅಕ್ಕಾರ. ಓಣಿಯಲ್ಲಿ ಓದೋ ಹುಡುಗಿ ಒಬ್ಬಳಿದ್ದರೆ ಪರೀಕ್ಷೆ ಹೊತ್ತಿಗೆ ಅಕ್ಕಪಕ್ಕದವರಿಗೆಲ್ಲ ಪಾಠ ಬಾಯಿಪಾಠ ಆಗಿರ್ತದೆ, ಅಲ್ವಾ? ಟಾಲ್‌ಸ್ಟಾಯ್, ಬಷೀರ್, ಕೆನ್ಯಾಟ್ಟಾ, ಅಚಿಬೆ, ನಡುವೆ ನಮ್ಮ ಲಂಕೇಶರು ಬೇರೆ. ರಷ್ಯಾ, ಕೇರಳ, ಕೆನ್ಯಾ, ನೈಜೀರಿಯಾ ಎಲ್ಲ ಸೊಲ್ಲಾಪುರದ ಬಸ್ಸಿನಿಂದ ಇಳಿದ ಬೀಗರ ಹಾಗೆ ನಮ್ಮ ಚಡಚಣಕ್ಕೆ ಬಂದು ಕೂತಿವೆ ನೋಡ್ರಿ.

ನಿಮ್ಮ ಮಗಳು ಟಾಲ್‌ಸ್ಟಾಯ್‌ರ ‘ಟೂ ಡಿಯರ್’ ಕತೆಯನ್ನು ಆಯಿಗೆ ಕನ್ನಡದಾಗ ಹೇಳಿದಳಲ್ಲ, ಅದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಮಪಾಸಾ ಬರೆದಿದ್ದ ಒಂದು ಪ್ರಸಂಗವನ್ನು ಹಿಡಿದು ಟಾಲ್‌ಸ್ಟಾಯ್ ತಮ್ಮ ಧಾಟಿಯಲ್ಲಿ ಹೇಳಿದ ಕತೆ ಅದು. ಮೊನಾಕೋ ಅಂದರೆ 7,000 ಮಂದಿಯ ರಾಜ್ಯ, 60 ಸಿಪಾಯಿಗಳ ದಂಡು. ಅಲ್ಲೊಂದು ಕೊಲೆ ಆಗ್ತದೆ, ಕೊಂದವನಿಗೆ ಮರಣದಂಡನೆ. ತಲೆ ತೆಗೆಯುವ ಯಂತ್ರ ಊರಲ್ಲಿಲ್ಲ. ಫ್ರಾನ್ಸ್‌ನವರು 16,000 ಫ್ರಾಂಕ್ ಕೇಳ್ತಾರೆ, ಇಟಲಿಯವರು 12,000. ತಲೆಗೆ ಸುಮಾರು ಎರಡು ಫ್ರಾಂಕ್ ಪಟ್ಟಿ ಎತ್ತಬೇಕಾಗ್ತದೆ, ಜನ ಸುಮ್ಮನಿದ್ದಾರೇನು? ಕಡೆಗೆ ಜೀವಾವಧಿ ಶಿಕ್ಷೆ ಅಂತ ಮಾಡಿದರೆ ಕಾವಲುಗಾರನ ಸಂಬಳ, ಕೈದಿಯ ಊಟ ಸೇರಿ ವರ್ಷಕ್ಕೆ 600 ಫ್ರಾಂಕ್ ಖರ್ಚು. ಕಾವಲುಗಾರನನ್ನು ತೆಗೆದುಬಿಟ್ಟರು. ಇಷ್ಟಾದರೂ ಕೈದಿ ಓಡಿಹೋಗಲಿಲ್ಲ! ಹೊತ್ತಿಗೆ ಸರಿಯಾಗಿ ಅರಮನೆ ಅಡುಗೆಮನೆಗೆ ಹೋಗಿ ತನ್ನ ಊಟ ತಾನೇ ತಂದುಕೊಂಡು, ತಿರುಗಿ ಬಂದು, ಬಾಗಿಲು ತಾನೇ ಹಾಕಿಕೊಂಡು ಕೂತ. ಈ ಜಾಗಕ್ಕೆ ಬಂದಾಗ ಆಯಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದು ಗೋಡೆಯಾಚೆ ನನಗೂ ಕೇಳಿಸ್ತು.

ಕೊನೆಗೆ ಸರ್ಕಾರವೇ ಸೋತು ಅವನಿಗೆ ವರ್ಷಕ್ಕೆ 600 ಫ್ರಾಂಕ್ ಪಿಂಚಣಿ ಕಟ್ಟಿ ಕಳಿಸ್ತದೆ. ಅವನು ಗಡಿ ದಾಟಿ, ರೈಲಿನಲ್ಲಿ ಕಾಲು ತಾಸಿನ ದಾರಿ, ಒಂದಿಷ್ಟು ಹೊಲ ಹಿಡಿದು ಕಾಯಿಪಲ್ಲೆ ಬೆಳೆದು ಮಾರ್ತಾನೆ. ಗಡಿ ದಾಟೋದು ನಮಗೇನು ಹೊಸದೇ? ಆಚೆ ಮಹಾರಾಷ್ಟ್ರದವರು ಮದುವೆ ಬಟ್ಟೆಗೆ ನಮ್ಮ ಪೇಟೆಗೆ ಬರ್ತಾರೆ, ನಾವು ದವಾಖಾನೆಗೆ ಸೊಲ್ಲಾಪುರಕ್ಕೆ ಹೋಗ್ತೀವಿ. ಅದಕ್ಕೇ ಇರಬೇಕು, ಆಯಿಗೆ ಆ ಭಾಗ ಕೂಡಲೇ ಹಿಡಿಸ್ತು. ಹಿಡಿಸಿದ ಮೇಲೆ ಕೇಳಿದರಲ್ಲ: “ಅದೆಲ್ಲಾ ಇರ್ಲವಾ. ಸತ್ತಂವ ಯಾರು? ಅವನ ಹೆಂಡ್ತಿಗೆ ಏನ್ ಕೊಟ್ರು?”

ಹುಡುಗಿ ಪುಸ್ತಕ ತಿರುವಿ ಹಾಕಿದಳು. ಎಲ್ಲಿದೆ? ಕತೆಯಲ್ಲಿ ಸತ್ತವನಿಗೆ ಹೆಸರೇ ಇಲ್ಲ, ಮನೆಮಂದಿಯ ಸುಳಿವಿಲ್ಲ. ಕೊಂದವನ ಊಟದ ಲೆಕ್ಕ ಉಂಟು, ಸತ್ತವನ ಮನೆಯ ಒಲೆಯ ಸುದ್ದಿ ಇಲ್ಲ. ಗೈಡಿನ ಉತ್ತರದಲ್ಲಿ ಕಾನೂನಿನ ವಿಡಂಬನೆ, ಖರ್ಚಿನ ಚಿಂತೆ ಎಲ್ಲ ಅಚ್ಚುಕಟ್ಟಾಗಿದೆ. ಅದು ತಪ್ಪೇನೂ ಅಲ್ಲ ಬಿಡ್ರಿ. ಆದರೆ ಆಯಿ ಕೇಳಿದ್ದು ಅಲ್ಲಿ ಬಂದೇ ಇಲ್ಲ. ಟಾಲ್‌ಸ್ಟಾಯ್ ಬದುಕಿದ್ದರೆ ಆ ಪ್ರಶ್ನೆ ಕೇಳಿ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದರು ಅಂತ ನನಗನ್ನಿಸ್ತದೆ.

ಬಷೀರರ ‘ಒರು ಮನುಷ್ಯನ್’ ನೆನಪಿದೆಯಲ್ಲ? ಜೇಬುಗಳ್ಳನೇ ಬಂದು ಹೋಟೆಲಿನ ಹನ್ನೊಂದಾಣೆ ಬಿಲ್ಲು ಕೊಟ್ಟು ಮಾನ ಉಳಿಸೋ ಕತೆ. ಎಲ್ಲರೂ ಆ ಕೆಂಪು ರುಮಾಲಿನವನನ್ನೇ ಹಿಡಿದು ಬರೀತಾರೆ. ನನಗೆ ಮಾತ್ರ ಅದರ ಮೊದಲಲ್ಲಿ ಬರೋ ಒಂದು ಸಣ್ಣ ಸಂಗತಿ ಬಿಡೋದಿಲ್ಲ. ದೂರದೂರಿಂದ ದುಡಿಯಲು ಬಂದ ಕೂಲಿಯವರಿಗೆ ಕತೆ ಹೇಳೋವನು ಇಂಗ್ಲಿಷ್ ಕಲಿಸ್ತಾನೆ, ಎದಕ್ಕೆ? ಪತ್ರದ ಮೇಲೆ ವಿಳಾಸ ಬರೆಯೋದಕ್ಕೆ. ಅಷ್ಟೇ ಇಂಗ್ಲಿಷ್! ಅವನೂ ಬಡವ, ಬೆಳಗಿನ ಚಹಾ, ಮಧ್ಯಾಹ್ನದ ಊಟ ಉಳೀತದೆ ಅಂತ ಸಂಜೆ ನಾಲ್ಕಕ್ಕೆ ಏಳ್ತಿದ್ದ. ನಮ್ಮ ಸಣ್ಣಂದಿನಲ್ಲಿ ಪುಣೆಗೆ, ಮುಂಬೈಗೆ ದುಡಿಯಲು ಹೋದವರ ಮನೆಯವರು ಇನ್‌ಲ್ಯಾಂಡ್ ಪತ್ರ ಹಿಡಿದು ಶಾಲೆ ಕಲಿತ ಹುಡುಗರನ್ನು ಹುಡುಕಿಕೊಂಡು ಬರ್ತಿದ್ದರು. ಒಳಗಿನ ಸಂಗತಿ ಪೂರಾ ಕನ್ನಡ: ಮಳೆ ಆತು, ಎಮ್ಮೆ ಈಯ್ತು, ಜಾತ್ರಿಗೆ ಬಾ. ವಿಳಾಸ ಮಾತ್ರ ಇಂಗ್ಲಿಷಿನಲ್ಲಿ, ಆ ಕಡೆ ಪೋಸ್ಟಿನವರಿಗೆ ತಿಳಿಯಬೇಕಲ್ಲ. ಬರೆದುಕೊಟ್ಟ ಹುಡುಗನ ಕೈಗೆ ಶೇಂಗಾ ಉಂಡೆ ಬೀಳ್ತಿತ್ತು. ಆ ಉಂಡೆ ತಿಂದವರು ಬಷೀರರ ಕತೆಗೆ ಉತ್ತರ ಬರೆದರೆ ಅದರಲ್ಲಿ ಬೇರೆಯೇ ಸತುವು ಇರ್ತದೆ, ಏನಂತೀರಿ?

ಇನ್ನು ಕೆನ್ಯಾಟ್ಟಾ ಅವರ ಆನೆ. 1938ರ ‘ಫೇಸಿಂಗ್ ಮೌಂಟ್ ಕೆನ್ಯಾ’ದಲ್ಲಿ ಬರೋ ಕತೆ, ಬಿಳಿಯರು ಭೂಮಿ ನುಂಗಿದ ಪರಿಯನ್ನೇ ಹೇಳೋದು. ಸೊಂಡಿಲಿಗಷ್ಟು ಜಾಗ ಕೇಳಿ ಆನೆ ಗುಡಿಸಲನ್ನೇ ನುಂಗ್ತದೆ, ವಿಚಾರಣೆಗೆ ಕೂತವರೆಲ್ಲ ಆನೆಯ ಕಡೆಯವರೇ. ಕಡೆಗೆ ಮನುಷ್ಯ ದೊಡ್ಡ ಗುಡಿಸಲು ಕಟ್ಟಿ, ಪ್ರಾಣಿಗಳೆಲ್ಲ ಒಳಗೆ ಸೇರಿಕೊಂಡಾಗ ಬೆಂಕಿ ಇಡ್ತಾನೆ. ಲಿಂಬಿ ತೋಟದ ಬದುವಿನ ತಕರಾರು ಕಂಡ ಹುಡುಗನಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ? ಆಚೆ ಓಣಿಯ ಒಬ್ಬ ಹುಡುಗ ಕೇಳಿದ್ದಿಷ್ಟೇ: “ಎಲ್ಲಾ ಸುಟ್ಟ ಮ್ಯಾಲ ಅಂವ ರಾತ್ರಿ ಎಲ್ಲಿ ಮಲಗ್ತಾನ್ರಿ?”

ಇಂಥ ಪ್ರಶ್ನೆಗಳಿಗೆ ಕಿವಿಗೊಟ್ಟವರು ನಮ್ಮ ಊರಲ್ಲೇ ಇದ್ದರಲ್ಲ ಅಕ್ಕಾರ. ಸಿಂಪಿ ಲಿಂಗಣ್ಣನವರು 1905ರಲ್ಲಿ ಇಲ್ಲೇ ಹುಟ್ಟಿದವರು, ಶಾಲಾ ಮಾಸ್ತರರು. ಅತ್ತ ಹಲಸಂಗಿಯಲ್ಲಿ ಮಧುರಚೆನ್ನರು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಅದರೊಳಗಿದ್ದದ್ದು ಯಾರ ಮಾತು? ಬೀಸುಕಲ್ಲಿನ ಮುಂದೆ ಕೂತ ಇಂಥ ಆಯಿಗಳದೇ. ಅಕ್ಷರ ಬಾರದವರ ಬಾಯಲ್ಲಿ ಸಾಹಿತ್ಯ ಇದೆ ಅಂತ ನಂಬಿ ಬರೆದುಕೊಂಡರು. ಆ ನೆಲದ ಮಕ್ಕಳು ಇಂಗ್ಲಿಷ್ ತಾಸಿನಲ್ಲಿ ಮಾತ್ರ ಗೈಡಿನ ಸಾಲು ಒಪ್ಪಿಸಿ ಕೂತರೆ ನನಗೆ ಸಂಕಟ ಆಗ್ತದೆ. ಕತೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ, ಏನನ್ನಿಸ್ತು ಅಂತ ಕೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಸೋ ಮಾಸ್ತರರನ್ನು ನಾನು ಕಂಡಿದ್ದೀನಿ. ವ್ಯಾಕರಣ ಅಲ್ಲಲ್ಲಿ ಎಡವುತ್ತದೆ, ಎಡವಲಿ. ತಿದ್ದೋದಕ್ಕೆ ಅವರಿದ್ದಾರೆ. ಹುಡುಗಿಯ ಮನಸ್ಸಿಗೆ ಬಂದ ಮಾತನ್ನು ಬರೆದುಕೊಡೋದಕ್ಕೆ ಗೈಡಿಗೆ ಆಗ್ತದೇನು?

ಇನ್ನೊಂದು ಉಳೀತು ನೋಡ್ರಿ, ಅಚಿಬೆಯವರ ‘ದ ವೋಟರ್’. ಒಂದು ಕಡೆ ಮಾತು ಕೊಟ್ಟು, ಇನ್ನೊಂದು ಕಡೆ ಐದು ಪೌಂಡ್ ಇಸಗೊಂಡು ಆಣೆ ಮಾಡಿದ ರೂಫ್, ಕಡೆಗೆ ಮತಚೀಟಿಯನ್ನೇ ಎರಡಾಗಿ ಹರಿದು ಎರಡೂ ಡಬ್ಬಿಗೆ ಅರ್ಧರ್ಧ ಹಾಕ್ತಾನಲ್ಲ. ಇವತ್ತು ಸಂಜೆ ಅದನ್ನ ಆಯಿಗೆ ಹೇಳಿಸ್ರಿ. ಆಣೆ ಮುರಿದ ಹಾಗಾಯ್ತೋ ಉಳಿದ ಹಾಗಾಯ್ತೋ ಅವರ ಬಾಯಿಂದಲೇ ಕೇಳಬೇಕು. ಚಹಾಕ್ಕಿಟ್ಟು ನನ್ನನ್ನೂ ಒಂದು ಕೂಗು ಕೂಗ್ರಿ, ಬರ್ತೀನಿ. ನಿಮ್ಮ ಮಗಳಿಗೂ ಹೇಳ್ರಿ, ನೋಟ್‌ಬುಕ್ಕು ಪೆನ್ನು ಹತ್ತಿರ ಇಟ್ಟುಕೊಂಡಿರಲಿ ಅಂತ.