ತಾಪತ್ರಯ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ಗೇಮಿಂಗ್ ಕಂಪ್ಯೂಟರುಗಳ ಉಷ್ಣಧರ್ಮ

ಪೀಠಿಕೆ

ಮನುಷ್ಯನಿಗೆ ಮೂರು ತಾಪಗಳೆಂದು ಶಾಸ್ತ್ರಕಾರರು ಎಣಿಸಿಟ್ಟಿದ್ದಾರೆ: ತನ್ನೊಳಗಿಂದಲೇ ಹುಟ್ಟುವ ಆಧ್ಯಾತ್ಮಿಕ, ಇತರ ಜೀವಿಗಳಿಂದ ಬರುವ ಆಧಿಭೌತಿಕ, ದೈವದಿಂದ ಒದಗುವ ಆಧಿದೈವಿಕ. ಅವರ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲವಾಗಿ, ಈ ತಾಪತ್ರಯ ಕಂಪ್ಯೂಟರಿಗೂ ತಪ್ಪಿದ್ದಲ್ಲವೆಂಬ ಸೂಕ್ಷ್ಮ ಅವರಿಗೆ ಹೊಳೆಯಲಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧ್ಯಯನದ ವ್ಯಾಪ್ತಿ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು. ಇನ್ನೂ ಹಿಗ್ಗಿಸಬಹುದಿತ್ತು, ಆದರೆ ಪಾವಗಡ ದಾಟಿ ಮೂರು ದಿಕ್ಕಿಗೆ ಹೋದರೂ ಆಂಧ್ರವೇ ಸಿಗುವುದರಿಂದ, ಭಾಷಾಶುದ್ಧಿಯ ದೃಷ್ಟಿಯಿಂದ ಅಲ್ಲಿಗೇ ನಿಲ್ಲಿಸಲಾಗಿದೆ.

ಶಾಸ್ತ್ರದ ಉಗಮ

ಈ ಶಾಸ್ತ್ರ ಹುಟ್ಟಿದ್ದು ಒಂದು ಆರ್ತಪ್ರಶ್ನೆಯಿಂದ. ನಡುರಾತ್ರಿ; ಹೊರಗೆ ನಾಯಿಗಳು, ಒಳಗೆ ಜಿಟಿಎ. ಪರದೆಯ ಮೂಲೆಯಲ್ಲಿ ಹಸಿರಾಗಿದ್ದ ಉಷ್ಣತೆಯ ಅಂಕಿ ಕೆಂಪಾಗಿ 87ಕ್ಕೆ ಬಂದು ನಿಂತಾಗ, ಶಿಷ್ಯನು ಗುರುವಿಗೆ ಫೋನ್ ಹಚ್ಚಿ ಕೇಳುತ್ತಾನೆ: “ಅಣ್ಣಾ, ಎಂಬತ್ತೇಳು ತೋರಿಸ್ತೈತೆ. ಸುಟ್ಟೋಗ್ತೈತಾ?” ಗುರುವು ನಿದ್ದೆಗಣ್ಣಲ್ಲಿ ದಯಪಾಲಿಸಿದ ಉತ್ತರವೇ ಈ ಶಾಸ್ತ್ರದ ಮೂಲಸೂತ್ರ: “ಮನೀಕ ಹೋಗ್ಲಾ.” ಸೂತ್ರಗಳು ಅಲ್ಪಾಕ್ಷರಗಳಾಗಿರುವುದು ವಾಡಿಕೆ. ಆದ್ದರಿಂದ ಭಾಷ್ಯ ಅನಿವಾರ್ಯ.

ಪ್ರಮಾಣ ವಿಚಾರ

ಸಂಸ್ಕಾರಕ, ಅಂದರೆ ಪ್ರೊಸೆಸರ್, ಬಿಸಿಯಾಗಿದೆ ಎಂಬ ಜ್ಞಾನ ನಮಗೆ ಉಂಟಾಗುವುದು ಹೇಗೆ? ನೈಯಾಯಿಕರು ನಾಲ್ಕು ಪ್ರಮಾಣ ಹೇಳುತ್ತಾರೆ. ನಾಲ್ಕೂ ಇಲ್ಲಿ ಸೋಲುತ್ತವೆ.

ಪ್ರತ್ಯಕ್ಷವೆಂದರೆ ಲ್ಯಾಪ್‌ಟಾಪಿನ ತಳಕ್ಕೆ ಅಂಗೈ ಒತ್ತಿ “ಅಯ್ಯಪ್ಪಾ” ಎನ್ನುವುದು. 50 ಡಿಗ್ರಿಯ ಲೋಹಕ್ಕೇ ಅಂಗೈ ಶರಣಾಗುತ್ತದೆ. ಸಂಸ್ಕಾರಕಕ್ಕೆ ಅದು ಎಳೆಬಿಸಿಲು. ಅನುಮಾನವೆಂದರೆ, ಎಲ್ಲೆಲ್ಲಿ ಫ್ಯಾನಿನ ಬೊಬ್ಬೆಯೋ ಅಲ್ಲಲ್ಲಿ ಬಿಸಿ ಎಂಬ ವ್ಯಾಪ್ತಿಜ್ಞಾನ. ಧೂಳು ಕಚ್ಚಿಕೊಂಡು ಫ್ಯಾನೇ ನಿಂತುಹೋದರೆ ಬೊಬ್ಬೆಯೂ ಇರುವುದಿಲ್ಲ, ಬಿಸಿಗೆ ಮಿತಿಯೂ ಇರುವುದಿಲ್ಲ. ಹಾಗಾಗಿ ಇದು ಹೇತ್ವಾಭಾಸ. ಉಪಮಾನವನ್ನು ಮಂಡಿಸುವವರು ತಂದೆಯವರು: “ಬೋರ್‌ವೆಲ್ ಮೋಟಾರು ಬಿಸಿಯಾದ್ರೆ ಕಾಯಿಲ್ ಸುಟ್ಟು ರಿವೈಂಡಿಂಗ್‌ಗೆ ಹೋಗ್ತೈತಲ್ಲ, ಇದೂ ಹಂಗೇಯ.” ಮೋಟಾರಿನ ಕಾಯಿಲಿಗೆ ತಾನು ಸುಡುತ್ತಿದ್ದೇನೆಂಬ ಅರಿವಿಲ್ಲ, ಸಂಸ್ಕಾರಕಕ್ಕೆ ಇದೆ. ಈ ಭೇದವನ್ನು ತಂದೆಯವರಿಗೆ ತಿಳಿಹೇಳಲು ಹೋದ ವಿದ್ವಾಂಸರು ಮರುದಿನ ಬೆಳಿಗ್ಗೆ ಮೋಟಾರ್ ಹೊತ್ತು ಮಧುಗಿರಿಗೆ ಹೋಗಬೇಕಾಗಿ ಬಂತು. ಕೊನೆಯದು ಶಬ್ದಪ್ರಮಾಣ: “ಏನೂ ಆಗಲ್ಲ, ಆಡ್ಸಿ ಸಾರ್” ಎಂಬ ಅಂಗಡಿಯವನ ಆಪ್ತವಾಕ್ಯ. ಆಪ್ತನಾಗಲು ನಿಸ್ಪೃಹನಾಗಿರಬೇಕು. ಇವನ ಹಿಂದಿನ ಶೆಲ್ಫಿನಲ್ಲಿ ಮಾರಾಟಕ್ಕಿಟ್ಟ ಹೊಸ ಬೋರ್ಡು ಕಾಣುತ್ತಿದೆ.

ಉಳಿಯುವುದು ಐದನೆಯ ಪ್ರಮಾಣ: ಚಿಪ್‌ನೊಳಗೇ ಕೂತಿರುವ ಉಷ್ಣಸಂವೇದಕ. ಇಂಟೆಲ್ ಸಂಸ್ಕಾರಕಗಳಲ್ಲಿ ಇದರ ನಡೆ ಬಹು ಗಂಭೀರ. “ನಾನಿಷ್ಟು ಬಿಸಿ” ಎಂದು ಅದು ಹೇಳುವುದೇ ಇಲ್ಲ. “ನನ್ನ ಗಡಿಗೆ ಇನ್ನಿಷ್ಟು ಡಿಗ್ರಿ ಬಾಕಿ” ಎಂದಷ್ಟೇ ಹೇಳುತ್ತದೆ. ಗಡಿಯಿಂದ ಅದನ್ನು ಕಳೆದು, ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವುದು ಕೋರ್ ಟೆಂಪ್‌ನಂಥ ತಂತ್ರಾಂಶದ ಕೆಲಸ.

ಗಡಿ ನಿರ್ಣಯ

ಗಡಿ ಎಲ್ಲಿದೆ ಎಂಬುದನ್ನು ತಯಾರಕರೇ ಬರೆದಿಟ್ಟಿದ್ದಾರೆ. ಇಂಟೆಲ್‌ನ ಕೋರ್ ಐ9-14900ಕೆಗೆ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜನ್ 5 7600ಎಕ್ಸ್‌ಗೆ 95. ಆಟಗಾರರ ಕಣ್ಮಣಿಯಾದ ರೈಜನ್ 7 7800ಎಕ್ಸ್3ಡಿಗೆ 89. ಗಡಿ ಮುಟ್ಟಿದ ಕೂಡಲೇ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಟ ಜರ್ಕ್ ಹೊಡೆಯುತ್ತದೆ. ಶತ್ರು ಮೊದಲು ಗುಂಡು ಹಾರಿಸುತ್ತಾನೆ. ಇಳಿಸಿದ ಮೇಲೂ ಬಿಸಿ ಏರುತ್ತಲೇ ಹೋದರೆ ಇಡೀ ಯಂತ್ರ ಆಫ್ ಆಗುತ್ತದೆ. ಸಿಲಿಕಾನ್ ಕರಗುವುದು 1414 ಡಿಗ್ರಿಗೆ. ಅಲ್ಲಿಗೆ ತಲುಪುವಷ್ಟು ಹಟ ಡಿಗ್ರಿ ಕಾಲೇಜಿನ ಹುಡುಗರಲ್ಲೂ ಕಂಡುಬಂದಿಲ್ಲ.

ಈ ಸ್ವಯಂಸಂಯಮ ಹಿಂದೆ ಎಲ್ಲರಿಗೂ ಸಿದ್ಧಿಸಿರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಕ್ವೇಕ್ 3 ಆಟ ನಡೆಯುತ್ತಿರುವಾಗಲೇ ಸಂಸ್ಕಾರಕಗಳ ತಲೆಯ ಮೇಲೆ ಕೂತು ಬಿಸಿ ಹೀರುವ ಹೀಟ್‌ಸಿಂಕ್ ಕಿತ್ತು ವಿಡಿಯೊ ಮಾಡಿದರು. ಇಂಟೆಲ್‌ನ ಪೆಂಟಿಯಂ 4 ಆಮೆಯಾಯಿತು, ಆದರೆ ಬದುಕಿತು. ಎಎಂಡಿಯ ಆ ಕಾಲದ ಅಥ್ಲಾನ್ ಹೊಗೆಯಾಡಿ ಸತ್ತಿತು. ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಕೇಳಿಬರುವ “ಸುಟ್ಟೋಗ್ತೈತೆ” ಎಂಬ ಭಯ ಆ ಅಥ್ಲಾನಿನ ಪ್ರೇತಬಾಧೆಯೆಂದೇ ನಮ್ಮ ಮತ.

ಇದರಿಂದ ಹೊರಡುವ ವ್ಯವಹಾರಸೂತ್ರ: ಆಡುವಾಗ 80ರೊಳಗೆ ಇದ್ದರೆ ಕ್ಷೇಮ, 80ರಿಂದ 90ರವರೆಗೆ ಬಿಸಿ ನಿಜ, ಅಪಾಯವಿಲ್ಲ, 90 ದಾಟಿ, ಇಲ್ಲವೇ ಅದಕ್ಕೂ ಮೊದಲೇ ಚಿಪ್‌ನ ಗಡಿ ಮುಟ್ಟಿ, ಅಲ್ಲೇ ಬಿಡಾರ ಹೂಡಿದರೆ ಕಾರಣ ಹುಡುಕಬೇಕು. ಕಾರಣವೇನೆಂಬಲ್ಲಿ ತಾಲ್ಲೂಕಿಗೊಂದು ಪಂಥ.

ಮಧುಗಿರಿಯ ಶಿಲಾಪಂಥ

ಇವರ ವಾದ: ಹೀಟ್‌ಸಿಂಕ್ ಎಷ್ಟು ಭಾರವೋ ಅಷ್ಟು ತಂಪು. ದೃಷ್ಟಾಂತವಾಗಿ ಊರಿನ ನೆತ್ತಿಯ ಮೇಲೇ ನಿಂತಿರುವ ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲಾ ಬೆಟ್ಟವನ್ನು ತೋರಿಸುತ್ತಾರೆ. ಆದರೆ ಇದೇ ಬೆಟ್ಟ ಇವರ ವಾದವನ್ನು ಕೆಡವುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಹೊತ್ತು ಮುಳುಗಿದ ಮೇಲೆ ನಿಧಾನಕ್ಕೆ ಕಕ್ಕುತ್ತದೆ. ಬೇಸಿಗೆಯ ಸಂಜೆ ಬೆಟ್ಟದ ಕೋಟೆಯ ಮೈಸೂರು ಗೇಟಿನ ಮೇಲಿನ ಬಂಡೆಗೆ ಬೆನ್ನು ಕೊಟ್ಟು ಕೂತು ನೋಡಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಡ. ಭಾರ ಬಿಸಿಯನ್ನು ತಡಮಾಡುತ್ತದೆಯೇ ಹೊರತು ಕಳೆಯುವುದಿಲ್ಲ. ಕಳೆಯುವುದು ಗಾಳಿಗೆ ಮೈಯೊಡ್ಡಿದ ತೆಳುವಾದ ರೆಕ್ಕೆಗಳು. ಪೂರ್ವದಲ್ಲಿ ಬೆಟ್ಟಗಳಿಗೂ ರೆಕ್ಕೆಗಳಿದ್ದುವೆಂದೂ ಇಂದ್ರನು ವಜ್ರಾಯುಧದಿಂದ ಕತ್ತರಿಸಿದನೆಂದೂ ಪುರಾಣ ಹೇಳುತ್ತದೆ. ಪರಿಣಾಮ ಮಧುಗಿರಿಯ ರಾತ್ರಿಗಳಲ್ಲಿ ಕಾಣುತ್ತಿದೆ. ಇಂದ್ರನಿಗೆ ಥರ್ಮೋಡೈನಮಿಕ್ಸ್ ತಿಳಿದಿರಲಿಲ್ಲವೆಂಬುದು ಈ ಪ್ರಬಂಧದ ಮೊದಲ ಸಂಶೋಧನೆ.

ಶಿರಾದ ಮಾರುತಪಂಥ

ಶಿರಾ 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದ ಊರು. ಇಲ್ಲಿನ ತೋಟವನ್ನು ನೋಡಿಯೇ ಹೈದರ್ ಅಲಿ ಬೆಂಗಳೂರಿನ ಲಾಲ್‌ಬಾಗಿಗೆ ಮನಸ್ಸು ಮಾಡಿದನೆಂದು ಪ್ರತೀತಿ. ಗಾಳಿ, ನೆರಳುಗಳ ಬಗ್ಗೆ ಇವರಿಗೆ ಅಧಿಕಾರವಾಣಿ ಸಹಜ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ ಎಂಬ ಇವರ ಮೂಲತತ್ವ ನಿರ್ದುಷ್ಟ. ಆದರೆ ಆಚರಣೆ ನೋಡಿ: ಕ್ಯಾಬಿನೆಟ್ ಇರುವುದು ಕಂಪ್ಯೂಟರ್ ಟೇಬಲಿನ ಮುಚ್ಚಿದ ಗೂಡಿನಲ್ಲಿ, ಹಿಂಭಾಗ ಗೋಡೆಗೆ ಅಂಟಿಕೊಂಡಿದೆ, ನೆತ್ತಿಯ ಮೇಲೆ ಅಮ್ಮ ಹೊದಿಸಿದ ಕಸೂತಿಯ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂಕುಂಡ. ಹೊರಗೆಸೆದ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆಯುತ್ತದೆ.

ಪಂಥದ ತೀವ್ರವಾದಿಗಳು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನೇ ಕಿತ್ತು ಮಂಚದಡಿ ತಳ್ಳುತ್ತಾರೆ. ನಾಲ್ಕಾರು ಡಿಗ್ರಿ ಇಳಿಯಲೂಬಹುದು. ಆದರೆ ಊರಂಚಿನಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಎಬ್ಬಿಸಿದ ಧೂಳು ತಿಂಗಳೊಳಗೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿ ನೇಯುತ್ತದೆ. ಇಳಿದ ಡಿಗ್ರಿ ಬಡ್ಡಿ ಸಮೇತ ವಾಪಸು ಬರುತ್ತದೆ. ಬೆಚ್ಚನೆಯ ಜಾಗವೆಂದು ಹಲ್ಲಿಯೂ ಬಂದು ಸೇರುತ್ತದೆ. ಹಲ್ಲಿ ಬಲಭುಜದ ಮೇಲೆ ಬಿದ್ದರೇನು, ಎಡಗಾಲ ಮೇಲೆ ಬಿದ್ದರೇನು ಎಂದು ಪಂಚಾಂಗ ವಿವರವಾಗಿ ಹೇಳುತ್ತದೆ. ಮದರ್‌ಬೋರ್ಡಿನ ಮೇಲೆ ಬಿದ್ದರೆ ಫಲವೇನೆಂದು ಹೇಳಿಲ್ಲ. ಶಾರ್ಟ್ ಆಗುತ್ತದೆ ಎಂಬುದನ್ನು ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಬಹುದು.

ಕೊರಟಗೆರೆಯ ಲೇಪಪಂಥ

ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟದ ಸೀಮೆಯವರು ಲೇಪಕ್ಕೆ ಒಲಿಯುವುದು ಸ್ವಾಭಾವಿಕ. ಇಲ್ಲಿ ಲೇಪವೆಂದರೆ ಥರ್ಮಲ್ ಪೇಸ್ಟ್. ಸಂಸ್ಕಾರಕದ ನೆತ್ತಿಯೂ ಹೀಟ್‌ಸಿಂಕಿನ ಪಾದವೂ ಕಣ್ಣಿಗೆ ನುಣುಪು. ನಿಜದಲ್ಲಿ ಎರಡರಲ್ಲೂ ಕಾಣದಷ್ಟು ಸಣ್ಣ ತಗ್ಗುದಿಣ್ಣೆಗಳಿದ್ದು, ಅವುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಬಿಸಿಯನ್ನು ದಾಟಿಸಲು ಒಪ್ಪುವುದಿಲ್ಲ. ಆ ಗಾಳಿಯನ್ನು ಹೊರದಬ್ಬಿ ತಾನು ಕೂರುವುದಷ್ಟೇ ಪೇಸ್ಟಿನ ಧರ್ಮ. ಹೆಚ್ಚು ಮೆತ್ತಿದರೆ ಹೆಚ್ಚು ಗುಣ ಎಂಬ ವೈದ್ಯನ್ಯಾಯ ಇಲ್ಲಿ ನಡೆಯದು. ಅಂಚಿನಿಂದ ಉಕ್ಕಿ ಬೋರ್ಡಿನ ಮೇಲೆ ಹರಿಯುತ್ತದೆ. ಪ್ರಮಾಣವೆಷ್ಟು ಎಂಬಲ್ಲಿ ಮಾತ್ರ ಘೋರ ಮತಭೇದ. ಪಾಶ್ಚಾತ್ಯರು ಬಟಾಣಿಯಷ್ಟು ಎನ್ನುತ್ತಾರೆ. ಸ್ಥಳೀಯ ಆಚಾರ್ಯರು ಕಡ್ಲೇಬೀಜದಷ್ಟು ಎಂದು ಪಟ್ಟು ಹಿಡಿದಿದ್ದಾರೆ. ನಾಟಿಯೋ ಹೈಬ್ರಿಡ್ಡೋ ಎಂಬ ಉಪಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ವರ್ಷಗಳ ಮೇಲೆ ಲೇಪ ಒಣಗಿ ಸುಣ್ಣದ ಹಕ್ಕಳೆಯಾದಾಗ ಒರೆಸಿ ಹೊಸದು ಹಚ್ಚಬೇಕೆಂಬುದು ಸರ್ವಸಮ್ಮತ. ಹೊಸ ಕೂಲರಿನ ಪಾದಕ್ಕೆ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನು ಸುಲಿಯದೆ ಕೂರಿಸಿ, “ಕಂಪನಿ ಮಾಲೇ ಸರಿಯಿಲ್ಲ” ಎಂದು ಶಪಿಸುವ ಸಂಪ್ರದಾಯವೂ ಸರ್ವಸಮ್ಮತವೇ.

ಇದೇ ಪಂಥದ ಒಂದು ಕವಲು ಜಲವಾದಿಗಳದು: ನೀರಿನಿಂದ ತಂಪು ಮಾಡಬೇಕು! ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಬರೀ ಧೂಳೇಳುವ ಸೀಮೆಯಲ್ಲಿ ಕಂಪ್ಯೂಟರಿಗೆ ನೀರೆಂಬ ಮಾತು ಕೇಳಿ ಊರ ಹಿರಿಯರು ಕೆರಳಿದರು. ಅಂಥ ಕೂಲರಿನೊಳಗಿನ ದ್ರವ ಕಾರ್ಖಾನೆಯಲ್ಲೇ ಮೊಹರಾಗಿ ಬರುತ್ತದೆ, ಕೊಡ ಹೊತ್ತು ತುಂಬಿಸಬೇಕಿಲ್ಲ ಎಂದು ಮನವರಿಕೆ ಮಾಡಿದ ಮೇಲೆಯೇ ಸಭೆ ಶಾಂತವಾಯಿತು.

ಪಾವಗಡದ ಸೌರಪಂಥ

ಪಾವಗಡದಲ್ಲಿ ಶನಿಮಹಾತ್ಮನ ಪ್ರಸಿದ್ಧ ದೇವಸ್ಥಾನವಿದೆ. ಶನಿ ಸೂರ್ಯನ ಮಗ. ತಂದೆ ಮಗನಿಗೆ ಅಷ್ಟಕ್ಕಷ್ಟೇ. ಮಗನ ಊರಿನಲ್ಲೇ ತಂದೆಯ ಹೆಸರಿನಲ್ಲೊಂದು ಸಂಸ್ಥಾನ ಎದ್ದದ್ದು ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತಿನಲ್ಲಿ: 2018ರಲ್ಲಿ ಉದ್ಘಾಟನೆಯಾದ ಶಕ್ತಿಸ್ಥಳ, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರು ಮಳೆ ಮರೆತ ಹೊಲಗಳನ್ನು ಗುತ್ತಿಗೆಗೆ ಕೊಟ್ಟು ಬಿಸಿಲು ಬೆಳೆಯುತ್ತಿರುವ ಜಾಗ. ಆಟದ ಕಂಪ್ಯೂಟರೊಂದು 500 ವ್ಯಾಟ್ ಕುಡಿಯುತ್ತದೆಂದು ಹಿಡಿದರೆ, ಪಾರ್ಕಿನ ಪೂರ್ಣ ಬಲದಲ್ಲಿ 41 ಲಕ್ಷ ಹುಡುಗರು ಏಕಕಾಲಕ್ಕೆ ಆಡಬಹುದು. ಲೆಕ್ಕ ನಿರ್ದುಷ್ಟ, ಆಟ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ ಎಂಬುದೊಂದೇ ಕೊರತೆ.

ಸೌರಪಂಥದ ದರ್ಶನ ಮಾತ್ರ ಆಳವಾದದ್ದು. ಸೋಲಾರ್ ಫಲಕವೂ ಸಿಲಿಕಾನ್, ಸಂಸ್ಕಾರಕವೂ ಸಿಲಿಕಾನ್, ದಾಯಾದಿಗಳು. ಫಲಕದ ಸಾಮರ್ಥ್ಯವನ್ನು ಅಳೆದು ಮುದ್ರೆ ಒತ್ತುವುದು 25 ಡಿಗ್ರಿಯಲ್ಲಿ. ಅದರ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಕುಗ್ಗುತ್ತದೆ. ಬಿಸಿಲೇ ಅನ್ನವಾದ ಫಲಕಕ್ಕೂ ಬಿಸಿ ಆಗದು. ಇನ್ನು ಸಿಮೆಂಟ್ ಶೀಟಿನ ಕೋಣೆಯಲ್ಲಿ ಕೂತ ಅದರ ದಾಯಾದಿಯ ಪಾಡೇನು? ಇಲ್ಲಿಂದಲೇ ಈ ಶಾಸ್ತ್ರದ ಮಹಾವಾಕ್ಯ ಹೊರಟಿದೆ: ಫ್ಯಾನು ಕೋಣೆಯ ಗಾಳಿಯನ್ನು ಬೀಸಬಲ್ಲದೇ ಹೊರತು ಅದಕ್ಕಿಂತ ತಂಪು ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ ಸಂಸ್ಕಾರಕ 70 ತೋರಿಸಿದರೆ, ಅದರ ಸ್ವಂತ ಸಂಪಾದನೆ 45. ಅದೇ ಆಟ, ಅದೇ ಕೂಲರ್, ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯ ಕೋಣೆ: 83 ಹತ್ತಿರ. ಯಂತ್ರ ಕೆಟ್ಟಿಲ್ಲ, ಪಾವಗಡಕ್ಕೆ ಬೇಸಿಗೆ ಬಂದಿದೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತವರು ಬರೆದ ಅಂಕಿಗಳೊಂದಿಗೆ ತಮ್ಮ ಅಂಕಿ ಹೋಲಿಸಿಕೊಂಡು ಕಣ್ಣೀರಿಡುವವರೆಲ್ಲ ಗೋಡೆಗೊಂದು ಥರ್ಮಾಮೀಟರ್ ನೇತುಹಾಕತಕ್ಕದ್ದು.

ನಿರ್ಣಯ

ಆಧ್ಯಾತ್ಮಿಕ ತಾಪಕ್ಕೆ ಪರಿಹಾರ ಇಂದ್ರಿಯನಿಗ್ರಹ: 60 ಹರ್ಟ್ಸ್‌ನ ಮಾನಿಟರಿಗೆ ಸೆಕೆಂಡಿಗೆ 200 ಫ್ರೇಮ್ ಉಣಿಸುವುದು ದುರಾಸೆ, ಮಿತಿ ಹಾಕಿದರೆ ಕೆಲಸವೂ ಬಿಸಿಯೂ ಇಳಿಯುತ್ತವೆ. ಆಧಿಭೌತಿಕಕ್ಕೆ ಬ್ರಷ್ ಮತ್ತು ಬ್ಲೋವರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಬುಗುರಿ ಆಡಿಸಿದರೆ ಬೇರಿಂಗ್ ಹೋಗುತ್ತದೆ. ಕಸೂತಿ ಬಟ್ಟೆಯನ್ನು ತೆಗೆಯುವುದು ಅಮ್ಮನ ಜೊತೆ ಮಾತುಕತೆಯಾದ ಮೇಲೆ. ಆಧಿದೈವಿಕಕ್ಕೆ ಕಿಟಕಿ ತೆರೆಯುವುದು, ಇಲ್ಲವೇ ಮಾರ್ಗಶಿರ ಮಾಸಕ್ಕೆ ಕಾಯುವುದು. ಆಟದ ನಡುವೆ ಕರೆಂಟ್ ಹೋದಲ್ಲಿ ಸಂಸ್ಕಾರಕದ ತಾಪ ತಾನೇ ಶಮನವಾಗುತ್ತದೆ. ಆಟಗಾರನ ತಾಪ ಎಲ್ಲ ತಯಾರಕರ ಗಡಿಯನ್ನೂ ಮೀರುತ್ತದೆ, ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು.

ಫಲಶ್ರುತಿ

ಇದನ್ನು ಪ್ರಾತಃಕಾಲದಲ್ಲಿ ಪಠಿಸಿದವರ ಫ್ಯಾನು ನಿಶ್ಶಬ್ದವಾಗುವುದು. ಮಧ್ಯಾಹ್ನ ಪಠಿಸಿದವರ ಗೂಡಿನ ಧೂಳು ನಾಶವಾಗುವುದು. ಆಟದ ನಡುವೆ ಪಠಿಸಿದವರು ಆ ಸುತ್ತಿನಲ್ಲಿ ಹತರಾಗುವರು. ಪಠಿಸದೆ ಅಲಕ್ಷ್ಯ ಮಾಡಿದವರು ತುಮಕೂರಿನ ಮೇಲೆ ಬಸ್ಸು ಹಿಡಿದು, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಬೋರ್ಡಿಗೆ ಚೌಕಾಸಿ ಮಾಡುತ್ತ ಕಲ್ಪಾಂತರದವರೆಗೆ ಅಲೆಯುವರು. ಸತ್ಪಾತ್ರರಿಗೆ ಒಂದು ಬ್ರಷ್ ದಾನ ಮಾಡಿದವರ ವಾರಂಟಿ ಅಕ್ಷಯವಾಗುವುದು. ಬಿಲ್ ಮಾತ್ರ ಜೋಪಾನವಾಗಿಟ್ಟಿರಬೇಕು.