ಮನೆಗೆ ವರ್ಗವಾಗಿ ಬಂದ ಪೋಸ್ಟ್‌ಮಾಸ್ತರರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ಬ್ಯಾಂಕಿನಿಂದ ಬಂದವರು ಹೂವಿನವಳ ಲೆಕ್ಕಕ್ಕೂ ಲೆಡ್ಜರ್ ತೆರೆಯುತ್ತಾರೆ. ಮೇಷ್ಟ್ರಾಗಿದ್ದವರು ಮದುವೆಯ ಕರೆಯೋಲೆಯಲ್ಲಿ ಕೆಂಪು ಶಾಯಿಯಿಂದ ಕಾಗುಣಿತ ತಿದ್ದುತ್ತಾರೆ. ನಾನು ಹೇಳಹೊರಟಿರುವವರು ಬಸವನಗುಡಿಯ ಪೋಸ್ಟ್‌ಮಾಸ್ತರ್ ರಾಯರು. ಅರವತ್ತು ತುಂಬಿದ ತಿಂಗಳ ಕೊನೇ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಸಮೇತ ಆಟೋದಲ್ಲಿ ಬಂದಿಳಿದರು. ಇಲಾಖೆ ಅದನ್ನು ನಿವೃತ್ತಿ ಎಂದಿತು. ರಾಯರು ವರ್ಗಾವಣೆ ಎಂದುಕೊಂಡರು.

ಮಾರನೇ ಬೆಳಿಗ್ಗೆಯೇ ಅಡುಗೆಮನೆಯ ಚಾರ್ಜ್ ತೆಗೆದುಕೊಂಡು ಇನ್‌ಸ್ಪೆಕ್ಷನ್ ಶುರು. ತೊಗರಿಬೇಳೆ ಎಂದು ಬರೆದ ಡಬ್ಬದಲ್ಲಿ ಉದ್ದಿನಬೇಳೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಸಕ್ಕರೆ ಡಬ್ಬದಲ್ಲಿ ಚಿಲ್ಲರೆ ಕಾಸು. ಕತ್ತಲಲ್ಲಿ ಕೈಯಾಡಿಸಿದರೂ ಅವರ ಮನೆಯವರಿಗೆ ಬೇಕಾದ್ದು ಸಿಗುತ್ತಿತ್ತು ಎಂಬುದು ಬೇರೆ ಮಾತು. ‘ಸಾರ್ಟಿಂಗ್ ಪೂರಾ ಹದಗೆಟ್ಟಿದೆ’ ಎಂದು ಷರಾ ಬರೆದ ರಾಯರು ಗೋಡೆಗೆ ಖಾನೆ ಹೊಡೆಸಿದರು. ಒಂದೊಂದು ಖಾನೆಗೂ ಆರಂಕಿಯ ಪಿನ್‌ಕೋಡ್. ಮೊದಲ ವಾರದಲ್ಲೇ ಜೀರಿಗೆಯ ಜಾಗಕ್ಕೆ ಓಂಕಾಳು ಹೋಗಿ ಸಾರು ಕೆಟ್ಟಿತು. ರಾಯರು ಒಂದು ಗುಟುಕು ಕುಡಿದು, ‘ಮಿಸ್‌ಸೆಂಟ್’ ಎಂದು ಬಟ್ಟಲನ್ನು ವಾಪಸು ತಳ್ಳಿದರು. ಆಕೆ ಮರುಮಾತಾಡದೆ ಆ ರಾತ್ರಿಯೇ ಎಲ್ಲವನ್ನೂ ಹಳೇ ಡಬ್ಬಗಳಿಗೆ ಸುರಿದರು. ಪಿನ್‌ಕೋಡಿನ ಚೀಟಿಗಳು ಇವತ್ತಿಗೂ ಗೋಡೆಯ ಮೇಲಿವೆ. ರಾಯರ ಸಮಾಧಾನಕ್ಕೆ.

ಹಳೇ ಅಂಚೆಯವರಿಗೆ ಇಲಾಖೆಯ ಮೇಲಿದ್ದ ಪ್ರೀತಿಯನ್ನು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ ರಾಯರು ಎರಡು ಹೊತ್ತು ಊಟ ಬಿಟ್ಟರು. ಶುಭಾಶಯದ ತಂತಿಗೆಲ್ಲ ಹಿಂದೆ ಒಂದೊಂದು ನಂಬರ್ ಇರುತ್ತಿತ್ತಲ್ಲ, ಅವು ಅವರಿಗೆ ಇನ್ನೂ ಬಾಯಿಪಾಠ. ಮದುವೆ ಮನೆಯಲ್ಲಿ ಅಕ್ಷತೆ ಹಾಕಿ ವರನ ಕೈಕುಲುಕಿ ‘ನಂಬರ್ ಎಂಟು’ ಎನ್ನುತ್ತಾರೆ. ದೀರ್ಘ ದಾಂಪತ್ಯದ ಹಾರೈಕೆ ಅದು. ಪಾಪದ ಹುಡುಗ ಯಾವುದೋ ಊಟದ ಪಂಕ್ತಿಯ ನಂಬರ್ ಇರಬೇಕೆಂದು ತಲೆಯಾಡಿಸುತ್ತಾನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದಾಗ ಊಟ ಬಿಡಲಿಲ್ಲ. ಅಷ್ಟು ಹೊತ್ತಿಗೆ ಶುಗರ್ ಮಾತ್ರೆ ಶುರುವಾಗಿತ್ತು.

ಸಂಜೆ ಕೃಷ್ಣರಾವ್ ಪಾರ್ಕಿನ ಬೆಂಚು. ಅಲ್ಲಿಯೂ ಕೂರುವುದು ನಿವೃತ್ತರಾದಾಗಿನ ದರ್ಜೆಯ ಪ್ರಕಾರ. ಗೆಜೆಟೆಡ್ ಆಗಿದ್ದವರಿಗೆ ನೆರಳು, ಉಳಿದವರಿಗೆ ತುದಿ. ಜನವರಿ ಮತ್ತು ಜುಲೈ ಹತ್ತಿರವಾದಂತೆ ತುಟ್ಟಿಭತ್ಯೆ ಶೇಕಡಾ ಎಷ್ಟು ಏರೀತು ಎಂಬ ಜಿಜ್ಞಾಸೆ, ಉಳಿದ ತಿಂಗಳುಗಳಲ್ಲಿ ಮಂಡಿನೋವು. ಮಕ್ಕಳ ಸಂಬಳದ ವಿಷಯ ಬಂದರೆ ಎಲ್ಲರೂ ಒಂದಿಷ್ಟು ಕೂಡಿಸಿಯೇ ಹೇಳುತ್ತಾರೆ. ಎಲ್ಲರೂ ಕಳೆದುಕೊಂಡೇ ಕೇಳುವುದರಿಂದ ಲೆಕ್ಕ ತಾಳೆಯಾಗುತ್ತದೆ.

ನವೆಂಬರ್ ಬಂತೆಂದರೆ ತಾವು ಬದುಕಿರುವುದನ್ನು ಸರ್ಕಾರಕ್ಕೆ ರುಜುವಾತು ಮಾಡಬೇಕು. ಮೊದಲು ಬೆರಳಚ್ಚು ಕೊಡುತ್ತಿದ್ದರು. ಲಕ್ಷಾಂತರ ಕಾಗದ ಎಣಿಸಿ ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಈಗ ಫೋನಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಸಾಕು. ರಾಯರು ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಕಣ್ಣರಳಿಸಿ ಕೂತರು. ‘ಮಿಟುಕಿಸೀಂದ್ರೆ’ ಎಂದರು ಆಕೆ. ‘ಅದೆಲ್ಲ ನನಗೆ ಅಭ್ಯಾಸವಿಲ್ಲ.’ ‘ಗೊತ್ತು, ಮದುವೆಯಾದಾಗಿಂದ ನೋಡ್ತಿದೀನಲ್ಲ.’ ರಾಯರಿಗೆ ನಗು ಉಕ್ಕಿತು, ರೆಪ್ಪೆ ಬಡಿಯಿತು. ಸರ್ಕಾರ ಒಪ್ಪಿಕೊಂಡಿತು.

ಮಗಳಿರುವುದು ನ್ಯೂಜೆರ್ಸಿಯಲ್ಲಿ. ಒಮ್ಮೆ ಇಬ್ಬರೂ ಹೋಗಿ ಐದು ತಿಂಗಳು ಇದ್ದು ಬಂದರು. ಆಕೆ ಎರಡನೇ ವಾರಕ್ಕೇ ನಾಲ್ಕು ಮನೆಯ ಕನ್ನಡದ ಹೆಂಗಸರನ್ನು ಒಟ್ಟುಮಾಡಿ ಶುಕ್ರವಾರದ ಲಲಿತಾ ಸಹಸ್ರನಾಮ ಶುರುಮಾಡಿಸಿದರು. ರಾಯರು ಅಮೆರಿಕದಲ್ಲಿ ಕಂಡದ್ದು ಒಂದು ಟಪಾಲು ಡಬ್ಬಿ. ಅದರ ಪಕ್ಕದ ಕೆಂಪು ಬಾವುಟ ಎತ್ತಿಟ್ಟರೆ, ನಾವು ಕಳಿಸುವ ಕಾಗದವನ್ನೂ ಅಂಚೆಯವನೇ ಒಯ್ಯುತ್ತಾನೆ. ರಾಯರು ಕಾಗದವಿರಲಿ ಇಲ್ಲದಿರಲಿ ದಿನವೂ ಬಾವುಟ ಎತ್ತಿ, ಸ್ವೆಟರು ಮಂಕಿಕ್ಯಾಪು ಏರಿಸಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಡಬ್ಬಿ ಖಾಲಿಯಿದೆಯಲ್ಲ ಎಂದು ಅವನು ಕೇಳಿದರೆ ಮಾತು ಶುರುವಾದ ಹಾಗಾಯಿತಲ್ಲ! ಅಳಿಯ ಕೊನೆಗೆ ಆ ಬಾವುಟ ಬಿಚ್ಚಿಟ್ಟನಂತೆ.

ರಾಯರ ಸಾಮ್ರಾಜ್ಯಕ್ಕೆ ನಿಜವಾದ ಪೆಟ್ಟು ಬಿದ್ದದ್ದು 2023ರ ಜೂನ್ 11ರಂದು. ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆಕೆಯ ಭಜನಾ ಮಂಡಳಿಯವರು ಆಧಾರ್ ಕಾರ್ಡು, ಪುಳಿಯೋಗರೆ, ತಾಳ ಹಿಡಿದು ಶೃಂಗೇರಿ, ಹೊರನಾಡು, ಧರ್ಮಸ್ಥಳ ಎಂದು ಹೊರಟರು. ‘ನಾನೂ ಬರ್ತೀನಿ’ ಎಂದು ಒಮ್ಮೆ ರಾಯರು ಜೊತೆಗೆ ಹತ್ತಿದರು. ಕಂಡಕ್ಟರು ಆಕೆಗೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟು ರಾಯರತ್ತ ಕೈ ನೀಡಿದ. ಹಿರಿಯ ನಾಗರಿಕರ ರಿಯಾಯಿತಿ ಕಳೆದೂ ಕಾಸು ಬಿಚ್ಚಲೇಬೇಕಾಯಿತು. ದಾರಿಯುದ್ದಕ್ಕೂ ರಾಯರು ಆ ಎರಡು ಚೀಟಿಗಳನ್ನು ಹೋಲಿಸಿ ನೋಡಿದರು. ಆಕೆ ಕಿಟಕಿಯಾಚೆ ಮೂಡಿಗೆರೆಯ ಕಾಫಿ ತೋಟ ನೋಡಿದರು. ಆಮೇಲಿಂದ ರಾಯರು ಮನೆ ಕಾಯುತ್ತಾರೆ. ಫ್ರಿಜ್ಜಿನ ಮೇಲೆ ಚೀಟಿ ಇರುತ್ತದೆ: ಹುಳಿ ಕೆಳಗಿನ ಖಾನೆ, ಮೊಸರು ಹೊರಗೆ, ಗ್ಯಾಸ್ ಆರಿಸಿ. ರಾಯರು ಅದರ ಮೂಲೆಯಲ್ಲಿ ತಾರೀಖು ಹಾಕಿ ಸಹಿ ಮಾಡಿ ಫೈಲು ಮಾಡುತ್ತಾರೆ.

ಈಗ ರಾಯರಿಗೆ ಎಪ್ಪತ್ತನಾಲ್ಕು. ಕಣ್ಣು ನೆಟ್ಟಿರುವುದು ಎಂಬತ್ತರ ಮೇಲೆ. ಕೇಂದ್ರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರಾದರೆ ಪೂರ್ತಿ ಶೇಕಡಾ 100. ಮೊನ್ನೆ ನಾನು ಹೋದಾಗ ಆ ಆದೇಶದ ಪ್ರತಿಯನ್ನು ಗಟ್ಟಿಯಾಗಿ ಓದಿ, ‘ನೂರಕ್ಕೆ ಡಬಲ್ ಕಣ್ರೀ!’ ಎಂದು ತೊಡೆ ತಟ್ಟಿದರು. ಹಾಗಲಕಾಯಿ ಹೆಚ್ಚುತ್ತಿದ್ದ ಆಕೆ ತಲೆಯೆತ್ತದೆ ಕೇಳಿದರು: ‘ಆಗ ನನಗೆ ತೊಂಬತ್ತೈದು. ಬೆಳಿಗ್ಗೆ ಆರಕ್ಕೆ ಕಾಫಿ ಆವಾಗಲೂ ನಾನೇ ಮಾಡೋದಾ?’

ರಾಯರು ಕನ್ನಡಕ ಏರಿಸಿ ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

‘ಆ ಬಗ್ಗೆ ಆದೇಶದಲ್ಲಿ ಏನೂ ಹೇಳಿಲ್ಲ.’